ಕಪ್ಪತಗುಡ್ಡ: ಗಡಿಗೆ ಕಾವಲು ಬಂತು, ಗಡಿಯಾಚೆ?

ಗದಗ ಜಿಲ್ಲೆಯ ಕಪ್ಪತಗುಡ್ಡದ ಸುದ್ದಿ ಬಂದಾಗಲೆಲ್ಲ ಸಂರಕ್ಷಿತ ಮೀಸಲು, ವನ್ಯಜೀವಿ ಧಾಮ ಎರಡೂ ಒಂದೇ ಎಂಬಂತೆ ಮಾತು ನಡೆಯುತ್ತದೆ. ಎರಡೂ ಒಂದೇ ಕಾಯ್ದೆಯಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ, ಇವೆ ನಿಜ. ಆದರೆ ಕಟ್ಟುಪಾಡು ಬೇರೆ, ಸಭೆಯಲ್ಲಿ ಕುರ್ಚಿ ಸಿಗುವವರೂ ಬೇರೆ.

ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗೆ ಚಾಚಿಕೊಂಡ ಈ ಗುಡ್ಡಸಾಲಿನ ಒಡಲಲ್ಲಿ ಚಿನ್ನ, ಕಬ್ಬಿಣದ ಅದಿರು. ಮೇಲೆ ಕುರುಚಲು ಕಾಡು, ಹುಲ್ಲು, ಔಷಧಿ ಗಿಡ, ತೋಳ, ಕತ್ತೆಕಿರುಬ. ಬ್ರಿಟಿಷರ ಕಾಲದ ಚಿನ್ನದ ಗಣಿ, ಆಮೇಲಿನ ನೆಡುತೋಪು, 1993ರ ಜಂಟಿ ಅರಣ್ಯ ನಿರ್ವಹಣೆ ಆದೇಶದಿಂದ ಬಂದ ಗ್ರಾಮ ಅರಣ್ಯ ಸಮಿತಿಗಳು, ನೆತ್ತಿಯ ಮೇಲೆ ಗಾಳಿಯಂತ್ರ: ನೂರು ವರ್ಷ ಹೀಗೆ ಸರಿಯಿತು. 2011ರಲ್ಲಿ ಹಳ್ಳಿಗುಡಿ ಸುತ್ತಲಿನ ರೈತರು ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲ ಎಂದು ಎದ್ದರು. ಯೋಜನೆ ಹಿಂದೆ ಸರಿಯಿತು.

ಕಗ್ಗಂಟಾದದ್ದು ಆಮೇಲೆ. 2015ರ ಡಿಸೆಂಬರ್‌ನಲ್ಲಿ ಸರ್ಕಾರ 17,872 ಹೆಕ್ಟೇರನ್ನು (178.72 ಚದರ ಕಿಲೋಮೀಟರ್) ಸಂರಕ್ಷಿತ ಮೀಸಲು ಎಂದು ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರ್‌ನಲ್ಲಿ, ಅದನ್ನು ವಾಪಸು ಪಡೆಯಿತು. ಘೋಷಿಸುವ ಮುನ್ನ ಸ್ಥಳೀಯರೊಡನೆ ಸಮಾಲೋಚಿಸಬೇಕೆಂಬ ಕಾಯ್ದೆಯ ಷರತ್ತು ವಾದದ ನಡುವೆ ಬಂತು. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಗದಗದಲ್ಲಿ ಧರಣಿ ನಡೆಯಿತು, ಏಪ್ರಿಲ್‌ನಲ್ಲಿ ಮೀಸಲು ಮರಳಿ ಬಂತು. ಗಣಿ ಬಂದರೆ ಕೆಲಸ ಸಿಗುತ್ತದೆ ಎಂದವರೂ ಗುಡ್ಡದ ಅಡಿಯ ಊರುಗಳಲ್ಲಿದ್ದರು; ಅವರ ಮಾತು ಪತ್ರಿಕೆಗಳಲ್ಲಿ ಬಂದದ್ದು ಕಡಿಮೆ. 2019ರ ಮೇನಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಮೀಸಲಿಗಿಂತ ಸುಮಾರು 65 ಚದರ ಕಿಲೋಮೀಟರ್ ಹೆಚ್ಚು.

ಗಣಿಯ ಮಟ್ಟಿಗೆ ಇದು ಭದ್ರ ಬೀಗ. ವನ್ಯಧಾಮದ ಒಳಗೂ ಗಡಿಯಿಂದ ಒಂದು ಕಿಲೋಮೀಟರ್ ಒಳಗೂ ಗಣಿಗಾರಿಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಈ ಭಾಗದ 28 ಗಣಿ ಪ್ರಸ್ತಾವಗಳನ್ನು ತಳ್ಳಿಹಾಕಿತು.

ಬೀಗ ಬಿದ್ದಾಗ ಒಂದು ಬಾಗಿಲೂ ಕಿರಿದಾಯಿತು. ಸಂರಕ್ಷಿತ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ವ್ಯಾಪ್ತಿಗೆ ಬರುವ ಪ್ರತಿ ಗ್ರಾಮ ಪಂಚಾಯತಿಗೂ ಒಬ್ಬ ಪ್ರತಿನಿಧಿ, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆಯಿಂದ ಒಬ್ಬೊಬ್ಬರು ಇರಬೇಕು. ವನ್ಯಧಾಮದ ಸಲಹಾ ಸಮಿತಿಯಲ್ಲಿ ಶಾಸಕರಿಗೆ ಜಾಗವಿದೆ, ಪಂಚಾಯತ್ ರಾಜ್ ಸಂಸ್ಥೆಗಳಿಗೆ ಒಟ್ಟು ಮೂರೇ ಸ್ಥಾನ. ಕೃಷಿ ಇಲಾಖೆಯ ಬದಲು ಗೃಹ ಇಲಾಖೆ. ಎರಡೂ ಸಲಹೆ ಕೊಡುವ ಸಮಿತಿಗಳೇ. ಆದರೂ ಗುಡ್ಡದ ಅಡಿಯ ಪ್ರತಿ ಪಂಚಾಯತಿ ಎದ್ದು ನಿಂತು ಮಾತಾಡುವುದಕ್ಕೂ ಮೂವರು ಎಲ್ಲರ ಪರವಾಗಿ ಮಾತಾಡುವುದಕ್ಕೂ ಅಂತರವಿದೆ. ಕಂದಾಯ, ಗಣಿ, ಇಂಧನ ಇಲಾಖೆಗಳನ್ನಂತೂ ಎರಡರಲ್ಲೂ ಕಾಯ್ದೆ ಹೆಸರಿಸಿಲ್ಲ. ಗುಡ್ಡದ ಹಳ್ಳಗಳು ಡಂಬಳದ ಕೆರೆಗೆ ಹರಿಯುತ್ತವೆ, ಕುರಿ ಹಿಂಡು ಗಡಿ ದಾಟುತ್ತದೆ, ತೋಳ ಹೊಲದ ಬದುವಿನಲ್ಲಿ ಓಡಾಡುತ್ತದೆ. ಇವನ್ನೆಲ್ಲ ಒಂದೇ ನಕ್ಷೆಯಲ್ಲಿಟ್ಟು ನೋಡುವ ಮೇಜನ್ನು ಈ ಎರಡು ಸಮಿತಿಗಳಲ್ಲಿ ಯಾವುದೂ ಕೊಡುವುದಿಲ್ಲ.

ಇದರ ಪರಿಣಾಮ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬೆಂಕಿಯಲ್ಲಿ. ಮಳೆಗಾಲ ಮುಗಿದ ಮೇಲೆ ಬಾದೆ ಹುಲ್ಲು ಎತ್ತರಕ್ಕೆ ಬೆಳೆದು ಒಣಗುತ್ತದೆ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಕಿಡಿ ಸಾಕು. ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿನ ಕಡೆಗೇ ಬಾಗುವುದರಿಂದ, ಅಡಿಯಲ್ಲಿ ಹತ್ತಿದ ಬೆಂಕಿ ಓಡುತ್ತಾ ನೆತ್ತಿ ಮುಟ್ಟುತ್ತದೆ. ತಡೆಗೆ ಬೆಂಕಿರೇಖೆ ತೆಗೆಯುತ್ತಾರೆ: ಹುಲ್ಲು ಪೂರ್ತಿ ಒಣಗುವ ಮೊದಲು ಪಟ್ಟಿಯಾಗಿ ಸವರಿ, ಕೊಯ್ದದ್ದು ಒಣಗಿದ ಮೇಲೆ ಗಾಳಿಯಿಲ್ಲದ, ಇಬ್ಬನಿ ಆರದ ಬೆಳಗಿನಲ್ಲಿ ಸುಡುವುದು, ಎರಡೂ ಬದಿಗೆ ಹಸಿ ಟೊಂಗೆ ಹಿಡಿದ ಆಳುಗಳನ್ನು ನಿಲ್ಲಿಸುವುದು. ಫೆಬ್ರುವರಿಗೆ ತಳ್ಳಿದರೆ ಸುಡಲು ಹಚ್ಚಿದ ಬೆಂಕಿಯೇ ಕೈತಪ್ಪುತ್ತದೆ. ಬುಡದ ಕೂಳೆ ಉಳಿದರೆ ಬೆಂಕಿ ಅದರ ಮೇಲೇ ದಾಟುತ್ತದೆ.

ಅರಣ್ಯ ಇಲಾಖೆಯ ರೇಖೆ ಅರಣ್ಯದ ಗಡಿಗೆ ನಿಲ್ಲುತ್ತದೆ. ಅದರಾಚೆಯ ಗಾಯರಾಣ, ಅಂದರೆ ಊರ ದನ ಮೇಯುವ ಜಾಗ, ಕಂದಾಯ ಇಲಾಖೆಯದ್ದು, ಹುಲ್ಲು ಊರಿನದು, ಬದು ರೈತನದು. ಬದುವಿನ ಕಸಕ್ಕೆ ಹಚ್ಚಿದ್ದೋ, ಹೊಸ ಮೇವು ಚಿಗುರಲಿ ಎಂದು ಹಚ್ಚಿದ್ದೋ ಒಳಗೆ ನುಗ್ಗಿದಾಗ ದೂರು ದಾಖಲಾಗುತ್ತದೆ. ಮುಂದಿನ ವರ್ಷ ಆ ಊರಿನವರು ಬೆಂಕಿ ಆರಿಸಲು ಹತ್ತುವುದಿಲ್ಲ. ಗಾಯರಾಣದಲ್ಲೂ ರೇಖೆ ಬೇಕೆಂದರೆ ಪಂಚಾಯತಿ ಠರಾವು, ಕಂದಾಯದ ಒಪ್ಪಿಗೆ, ಕೂಲಿಯ ಹಣ ಯಾವ ಬಾಬತ್ತಿನಿಂದ ಎಂಬ ಲೆಕ್ಕಶೀರ್ಷಿಕೆ ಮೂರೂ ದೀಪಾವಳಿಯೊಳಗೆ ಕೂಡಬೇಕು. ಕೊಯ್ದ ಹುಲ್ಲನ್ನು ಊರವರು ಒಯ್ಯಬಹುದೇ ಎಂಬುದನ್ನೂ ಆಗಲೇ ಬರೆದಿಡಬೇಕು. ವನ್ಯಧಾಮದ ಒಳಗಿನ ಹುಲ್ಲಿಗೆ ಅನುಮತಿಯ ನಿಯಮವಿದೆ, ಹೊರಗಿನದಕ್ಕೆ ಊರಿನ ವಾಡಿಕೆಯಿದೆ. ಒಂದೇ ಇಳಿಜಾರಿನಲ್ಲಿ ಬೆಳೆದ ಹುಲ್ಲು ಮಾತ್ರ ಎರಡೂ ಕಡೆ ಒಂದೇ ವಾರದಲ್ಲಿ ಒಣಗುತ್ತದೆ.