ವಾಷಿಂಗ್ಟನ್‌ಗೂ ಮುಂಚೆ ಒಂದು ಅಮೆರಿಕ ಇತ್ತು

1784ರ ಜನವರಿ. ಮೇರಿಲ್ಯಾಂಡ್‌ನ ಅನಾಪೊಲಿಸ್ ಪಟ್ಟಣದಲ್ಲಿ ಅಮೆರಿಕದ ಕಾಂಗ್ರೆಸ್, ಅಂದರೆ ರಾಜ್ಯಗಳ ಪ್ರತಿನಿಧಿಗಳ ಕೂಟ, ಸಭೆ ಸೇರಿ, ಬಾಗಿಲ ಕಡೆ ನೋಡುತ್ತ ಕೂತಿತ್ತು. ಎಂಟು ವರ್ಷ ಹೊಡೆದಾಡಿ ಗೆದ್ದ ಸ್ವಾತಂತ್ರ್ಯವನ್ನು ಬ್ರಿಟನ್ ಒಪ್ಪಿಕೊಂಡ ಪ್ಯಾರಿಸ್ ಒಪ್ಪಂದ ಮೇಜಿನ ಮೇಲಿದೆ. ಅದಕ್ಕೆ ಕಾಂಗ್ರೆಸ್ ಅನುಮೋದನೆ ಕೊಡಬೇಕು, ಅದನ್ನು ಹಡಗು ಹತ್ತಿಸಿ ಮಾರ್ಚ್ 3ರೊಳಗೆ ಪ್ಯಾರಿಸ್ ಮುಟ್ಟಿಸಬೇಕು. ಒಪ್ಪಂದ ಬೇಡ ಅಂದವರು ಯಾರೂ ಇರಲಿಲ್ಲ. ಆದರೆ ಇಂಥ ದೊಡ್ಡ ವಿಷಯಕ್ಕೆ 13 ರಾಜ್ಯಗಳಲ್ಲಿ ಒಂಬತ್ತರ ಒಪ್ಪಿಗೆ ಬೇಕೆಂಬ ನಿಯಮ. ಹಾಜರಿದ್ದದ್ದು ಏಳು.

ಏಳೇ ಸಾಕು, ಮುಗಿಸಿಬಿಡೋಣ ಎಂದು ಕೆಲವರು ಹೇಳಿದರು. ವರ್ಜೀನಿಯಾದ ಪ್ರತಿನಿಧಿ ಥಾಮಸ್ ಜೆಫರ್ಸನ್ ಒಪ್ಪಲಿಲ್ಲ. ಆ ವರ್ಷ ಕೆಟ್ಟ ಚಳಿ, ದಾರಿಯೆಲ್ಲ ಹಿಮ. ಕೊನೆಗೆ ಜನವರಿ 13ಕ್ಕೆ ಕನೆಕ್ಟಿಕಟ್‌ನವರು ಬಂದರು, ಎಂಟಾಯಿತು. ಮರುದಿನ ಫಿಲಡೆಲ್ಫಿಯಾದಲ್ಲಿ ಕಾಯಿಲೆ ಬಿದ್ದಿದ್ದ ಸೌತ್ ಕ್ಯಾರೊಲೈನಾದ ರಿಚರ್ಡ್ ಬೆರೆಸ್‌ಫರ್ಡ್ ಹೇಗೋ ಬಂದು ತಲುಪಿದ. ಒಂದು ರಾಜ್ಯದ ಮತ ಲೆಕ್ಕಕ್ಕೆ ಬರಬೇಕಾದರೆ ಕನಿಷ್ಠ ಇಬ್ಬರು ಪ್ರತಿನಿಧಿಗಳಿರಬೇಕಿತ್ತು; ಇವನು ತನ್ನ ರಾಜ್ಯದ ಎರಡನೆಯವನು. ಒಂಬತ್ತಾಯಿತು, ಅವತ್ತೇ ಅನುಮೋದನೆಯೂ ಆಯಿತು. ಪತ್ರ ಮಾತ್ರ ಗಡುವು ದಾಟಿಯೇ ಪ್ಯಾರಿಸ್ ಸೇರಿತು. ಬ್ರಿಟಿಷರು ಅದನ್ನು ರಗಳೆ ಮಾಡದಿದ್ದದ್ದು ಪುಣ್ಯ.

ಅಮೆರಿಕ ಅಂದರೆ ನಮಗೆ 1776ರ ಸ್ವಾತಂತ್ರ್ಯ ಘೋಷಣೆ, ಅದಾದ ಮೇಲೆ ನೇರವಾಗಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ನಡುವೆ 13 ವರ್ಷದ ಕಂದಕವೊಂದಿದೆ ಅನ್ನುವುದು ಶಾಲೆಯ ಪಾಠದಲ್ಲಿ ಹೇಗೋ ಜಾರಿಹೋಗುತ್ತದೆ. ವಾಷಿಂಗ್ಟನ್ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಂಡದ್ದು 1789ರ ಏಪ್ರಿಲ್ 30ರಂದು. ಅಲ್ಲಿಯತನಕ ಆ ದೇಶಕ್ಕೆ ನಾವು ಈಗ ತಿಳಿಯುವ ಅರ್ಥದ ಅಧ್ಯಕ್ಷ ಇರಲಿಲ್ಲ. ಸುಪ್ರೀಂ ಕೋರ್ಟ್ ಇರಲಿಲ್ಲ. ತೆರಿಗೆ ಹಾಕುವ ಅಧಿಕಾರವೂ ಇರಲಿಲ್ಲ. ಹಾಗಿದ್ದೂ ಒಂದು ಸರ್ಕಾರ ಇತ್ತು, ಅದು ಯುದ್ಧ ಗೆದ್ದಿತ್ತು.

1776ರ ಜೂನ್ 7ರಂದು ವರ್ಜೀನಿಯಾದ ರಿಚರ್ಡ್ ಹೆನ್ರಿ ಲೀ ಮಂಡಿಸಿದ ನಿರ್ಣಯದಲ್ಲಿ ಮೂರು ಮಾತುಗಳಿದ್ದವು: ಸ್ವಾತಂತ್ರ್ಯ ಘೋಷಿಸೋಣ, ಪರದೇಶಗಳ ಸ್ನೇಹ ಸಂಪಾದಿಸೋಣ, ನಮ್ಮೊಳಗೊಂದು ಒಕ್ಕೂಟ ಕಟ್ಟಿಕೊಳ್ಳೋಣ. ಮೊದಲನೆಯದು ಒಂದೇ ತಿಂಗಳಲ್ಲಿ ಮುಗಿಯಿತು. ಮೂರನೆಯದಕ್ಕೆ ಸುಮಾರು ಐದು ವರ್ಷ ಹಿಡಿಯಿತು. ಜಾನ್ ಡಿಕಿನ್ಸನ್ ನೇತೃತ್ವದ ಸಮಿತಿ ಜುಲೈ 12ಕ್ಕೇ ಕರಡು ಕೊಟ್ಟಿತ್ತು. ಅದರಲ್ಲಿ ಕೇಂದ್ರಕ್ಕೆ ಸ್ವಲ್ಪ ಕಸುವಿತ್ತು. ಚರ್ಚೆಯಲ್ಲಿ ರಾಜ್ಯಗಳು ಒಂದೊಂದಾಗಿ ಹಿಂಡಿ ತೆಗೆದವು. ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದಾಗ ಕಾಂಗ್ರೆಸ್ ಓಡಿಹೋಗಿ ಪೆನ್ಸಿಲ್ವೇನಿಯಾದ ಯಾರ್ಕ್ ಎಂಬ ಊರು ಸೇರಿತ್ತು. ಅಲ್ಲೇ, 1777ರ ನವೆಂಬರ್ 15ರಂದು, ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್’ ಎಂಬ ಒಕ್ಕೂಟದ ಕರಾರು ಅಂಗೀಕಾರವಾಯಿತು.

ಅದು ಜಾರಿಗೆ ಬರಬೇಕಾದರೆ 13 ರಾಜ್ಯಗಳೂ ಸಹಿ ಹಾಕಬೇಕಿತ್ತು. ವರ್ಜೀನಿಯಾ ಮೊದಲು ಒಪ್ಪಿತು. ಪಕ್ಕದ ಮೇರಿಲ್ಯಾಂಡ್ ಕಾಲು ಚಾಚಿ ಕೂತಿತು. ಕಾರಣ ಜಮೀನು. ಪಶ್ಚಿಮದ ಕಾಡುಮೇಡೆಲ್ಲ ತನ್ನದೇ ಎಂದು ವರ್ಜೀನಿಯಾ ಹಳೆಯ ಸನದು ತೋರಿಸುತ್ತಿತ್ತು. ಆ ನೆಲ ಮಾರಿಕೊಂಡು ಅವರು ಸಾಲ ತೀರಿಸಿಕೊಂಡರೆ, ಅಂಥ ನೆಲವಿಲ್ಲದ ನಾವು ನಮ್ಮ ಜನರ ಮೇಲೆ ತೆರಿಗೆ ಹೇರಬೇಕೆ ಎಂಬುದು ಮೇರಿಲ್ಯಾಂಡ್‌ನ ತಕರಾರು. ಭೂಮಿ ಖರೀದಿಗೆ ದುಡ್ಡು ಹಾಕಿದ್ದವರ ಒತ್ತಡವೂ ಅದರ ಹಿಂದೆ ಇತ್ತು. 1781ರ ಜನವರಿಯಲ್ಲಿ ವರ್ಜೀನಿಯಾ ಒಹಾಯೊ ನದಿಯ ಆಚೆಗಿನ ಹಕ್ಕು ಬಿಟ್ಟುಕೊಡಲು ಮುಂದಾಯಿತು. ಮಾರ್ಚ್ 1ಕ್ಕೆ ಕರಾರು ಜಾರಿಯಾಯಿತು. ಎಂದರೆ, ಯುದ್ಧದ ಬಹುಭಾಗವನ್ನು ಕಾಂಗ್ರೆಸ್ ನಡೆಸಿದ್ದು ಲಿಖಿತ ಅಧಿಕಾರ ಯಾವುದೂ ಇಲ್ಲದೆಯೇ.

ಕರಾರಿನ ಎರಡನೇ ವಿಧಿಯೇ ಎಲ್ಲವನ್ನೂ ಹೇಳುತ್ತದೆ: ಪ್ರತಿ ರಾಜ್ಯವೂ ತನ್ನ ಸಾರ್ವಭೌಮತ್ವ ಉಳಿಸಿಕೊಳ್ಳುತ್ತದೆ. ಮೂರನೆಯದು ಈ ಕೂಟವನ್ನು ಗಟ್ಟಿಯಾದ ‘ಸ್ನೇಹಕೂಟ’ ಎಂದು ಕರೆಯುತ್ತದೆ. ಒಂದು ರಾಜ್ಯಕ್ಕೆ ಎರಡರಿಂದ ಏಳು ಪ್ರತಿನಿಧಿಗಳು, ಆದರೆ ಮತ ಒಂದೇ. ದೊಡ್ಡ ವರ್ಜೀನಿಯಾಕ್ಕೂ ಒಂದು, ಅಂಗೈಯಗಲದ ರೋಡ್ ಐಲ್ಯಾಂಡ್‌ಗೂ ಒಂದು. ಪ್ರತಿನಿಧಿಗಳನ್ನು ವರ್ಷ ವರ್ಷ ನೇಮಿಸುವುದು, ಬೇಕೆನಿಸಿದಾಗ ವಾಪಸ್ ಕರೆಸಿಕೊಳ್ಳುವುದು, ಸಂಬಳ ಕೊಡುವುದು ಎಲ್ಲ ರಾಜ್ಯದ ಕೈಯಲ್ಲೇ. ಆರು ವರ್ಷದಲ್ಲಿ ಮೂರಕ್ಕಿಂತ ಹೆಚ್ಚು ವರ್ಷ ಯಾರೂ ಕೂರುವಂತಿಲ್ಲ. ಕೆಲಸ ಕಲಿಯುವಷ್ಟರಲ್ಲಿ ಮನೆಗೆ ಹೊರಡಬೇಕು. ಕರಾರಿನ ಒಂದಕ್ಷರ ಬದಲಾಗಬೇಕಾದರೂ ಹದಿಮೂರಕ್ಕೆ ಹದಿಮೂರು ಒಪ್ಪಬೇಕು. ‘ಪ್ರೆಸಿಡೆಂಟ್’ ಎನ್ನುವ ಒಬ್ಬನಿದ್ದ, ಸಭೆ ನಡೆಸುವುದಷ್ಟೇ ಅವನ ಕೆಲಸ. ಈ ಲೆಕ್ಕ ಹಿಡಿದು, 1781ರಲ್ಲಿ ಆ ಹುದ್ದೆಗೆ ಬಂದ ಜಾನ್ ಹ್ಯಾನ್ಸನ್‌ನೇ ಅಮೆರಿಕದ ಮೊದಲ ಅಧ್ಯಕ್ಷ ಎಂದು ವಾದಿಸುವವರು ಇಂದಿಗೂ ಸಿಗುತ್ತಾರೆ. ನಮ್ಮ ವಿಧಾನಸಭೆಯ ಸ್ಪೀಕರ್‌ರನ್ನು ಮುಖ್ಯಮಂತ್ರಿ ಎಂದಷ್ಟೇ ಸರಿ ಅದು.

ಇಷ್ಟೊಂದು ಹೆದರಿಕೆ ಏಕೆ ಎಂದು ಈಗ ಕೇಳುವುದು ಸುಲಭ. ಅವರು ಆಗಷ್ಟೇ ಕಿತ್ತೊಗೆದದ್ದು ದೂರದಲ್ಲಿ ಕೂತು ತೆರಿಗೆ ಹಾಕುತ್ತಿದ್ದ ಸರ್ಕಾರವನ್ನು. ಲಂಡನ್ನಿನ ಜಾಗಕ್ಕೆ ಫಿಲಡೆಲ್ಫಿಯಾವನ್ನು ಕೂರಿಸಲು ಅವರಿಗೆ ಮನಸ್ಸಿರಲಿಲ್ಲ. ಈ ಕರಾರನ್ನು ಬರೆದವರು ದಡ್ಡರು ಎನ್ನುವವರ ಜೊತೆ ನಾನು ಸೇರುವುದಿಲ್ಲ.

ಆದರೆ ದುಡ್ಡು? ಕಾಂಗ್ರೆಸ್ ಯುದ್ಧ ಸಾರಬಹುದಿತ್ತು, ಸೈನ್ಯ ಎಷ್ಟು ಬೇಕೆಂದು ಹೇಳಬಹುದಿತ್ತು, ಸಾಲ ಎತ್ತಬಹುದಿತ್ತು. ಖರ್ಚಿಗೆ ಮಾತ್ರ ರಾಜ್ಯಗಳ ಮುಂದೆ ಕೈಚಾಚಬೇಕು. ಯಾರ ಪಾಲು ಎಷ್ಟು ಎಂದು ಬರೆದು ಕಳಿಸುವುದು, ಕಾಯುವುದು. ಕೊಡದಿದ್ದರೆ ಮಾಡುವುದೇನೂ ಇಲ್ಲ. ಮೊದಮೊದಲು ನೋಟು ಅಚ್ಚು ಹಾಕಿ ನೋಡಿದರು. ಬೆಲೆ ಎಷ್ಟು ಕುಸಿಯಿತೆಂದರೆ 1780ರಲ್ಲಿ ಕಾಂಗ್ರೆಸ್ಸೇ ತನ್ನ 40 ಡಾಲರ್ ನೋಟಿಗೆ ಒಂದು ಬೆಳ್ಳಿ ಡಾಲರ್ ಎಂದು ಒಪ್ಪಿಕೊಂಡಿತು. 1781ರ ಕೊನೆಯಲ್ಲಿ ಮುಂದಿನ ವರ್ಷದ ಖರ್ಚಿಗೆಂದು ರಾಜ್ಯಗಳನ್ನು ಕೇಳಿದ್ದು 80 ಲಕ್ಷ ಡಾಲರ್. ಆ ವರ್ಷ ಮುಗಿಯುವ ಹೊತ್ತಿಗೆ ಬಂದದ್ದು ಐದು ಲಕ್ಷವೂ ಅಲ್ಲ. ಪ್ಯಾರಿಸ್‌ನಲ್ಲಿ, ಹೇಗ್‌ನಲ್ಲಿ ರಾಯಭಾರಿಗಳು ಕೂತಿದ್ದರು. ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಹಿಟ್ಟಿಲ್ಲ.

ಇಲ್ಲೊಂದು ಹಡಗಿನ ಕತೆ ಹೇಳಿ ಮುಂದೆ ಹೋಗುತ್ತೇನೆ, ಅದರ ಹೆಸರು ನಮಗೆ ತೀರ ಹತ್ತಿರದ್ದು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಕಡೆಯ ಹಡಗುಗಳು ಫಿಲಡೆಲ್ಫಿಯಾದ ವ್ಯಾಪಾರಕ್ಕೆ ಕತ್ತರಿ ಹಾಕುತ್ತಿದ್ದವು. ಕಾಂಗ್ರೆಸ್‌ನ ನೌಕಾಪಡೆ ಆಗಲೇ ಹೆಸರಿಗಷ್ಟೇ ಉಳಿದಿತ್ತು. ಊರಿನ ವರ್ತಕರೇ ದುಡ್ಡು ಹಾಕಿ, ಪೆನ್ಸಿಲ್ವೇನಿಯಾ ರಾಜ್ಯದ ಹೆಸರಲ್ಲಿ ಒಂದು ವ್ಯಾಪಾರಿ ಹಡಗಿಗೆ ಫಿರಂಗಿ ಕೂರಿಸಿದರು. ಹಡಗಿನ ಹೆಸರು ‘ಹೈದರ್ ಆಲಿ’. ಅದೇ ಬ್ರಿಟಿಷರ ಮೇಲೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಯುದ್ಧ ಹೂಡಿದ್ದ ನಮ್ಮ ಶ್ರೀರಂಗಪಟ್ಟಣದ ಹೈದರನದೇ ಹೆಸರು. ಏಪ್ರಿಲ್ 8ರಂದು ಕ್ಯಾಪ್ಟನ್ ಜೋಶುವಾ ಬಾರ್ನಿ ಅದರಲ್ಲೇ ಹೋಗಿ, ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿದ. ದೇಶದ ಹೆಬ್ಬಾಗಿಲಲ್ಲಿ ನಡೆದ ಈ ಕಾಳಗಕ್ಕೆ ಖರ್ಚು ಹೊತ್ತದ್ದು ಒಂದು ರಾಜ್ಯ ಮತ್ತು ಅದರ ಸಾಹುಕಾರರು.

ಈ ಬಡತನ ನೀಗಲು ಇದ್ದ ದಾರಿ ಒಂದೇ: ಹೊರಗಿನಿಂದ ಬರುವ ಸರಕಿನ ಮೇಲೆ ಶೇಕಡಾ 5ರ ಸುಂಕ, ಅದು ನೇರ ಕಾಂಗ್ರೆಸ್ಸಿಗೆ. 1781ರಲ್ಲಿ ಪ್ರಸ್ತಾಪ ಹೋಯಿತು. 12 ರಾಜ್ಯಗಳು ಹೂಂ ಅಂದವು. 1782ರ ನವೆಂಬರ್‌ನಲ್ಲಿ ರೋಡ್ ಐಲ್ಯಾಂಡ್ ಊಹೂಂ ಅಂದಿತು. ತನ್ನ ಬಂದರಿನಲ್ಲಿ ತನ್ನ ಮಾತು ಕೇಳದ ಅಧಿಕಾರಿ ಬಂದು ವಸೂಲಿ ಮಾಡುವುದು ಅದಕ್ಕೆ ಸಮ್ಮತವಿರಲಿಲ್ಲ. ಅಷ್ಟರಲ್ಲಿ ಒಪ್ಪಿದ್ದ ವರ್ಜೀನಿಯಾವೂ ಮಾತು ಹಿಂತೆಗೆದುಕೊಂಡಿತು. 1783ರಲ್ಲಿ ಬೇರೆ ರೂಪದಲ್ಲಿ ಮತ್ತೆ ಕೇಳಿದರು. ಆ ಸಲ ಅಡ್ಡಗಾಲು ಹಾಕಿದ್ದು ಬಂದರಿನ ಆದಾಯ ತಿನ್ನುತ್ತಿದ್ದ ನ್ಯೂಯಾರ್ಕ್. ಅದಕ್ಕೆ ಸಿಟ್ಟಾಗಿ ನ್ಯೂಜೆರ್ಸಿ, ಇವರು ಒಪ್ಪುವ ತನಕ ನಾವು ನಮ್ಮ ಪಾಲು ಕೊಡುವುದಿಲ್ಲ ಎಂದಿತು. ನ್ಯೂಯಾರ್ಕ್ ನೆರೆಯವರ ದೋಣಿಗಳ ಮೇಲೆ ಶುಲ್ಕ ಹಾಕಿದಾಗ, ನ್ಯೂಜೆರ್ಸಿ ತನ್ನ ನೆಲದಲ್ಲಿದ್ದ ನ್ಯೂಯಾರ್ಕಿನ ದೀಪಸ್ತಂಭಕ್ಕೇ ತೆರಿಗೆ ಜಡಿಯಿತು.

ಈ ಗೊಂದಲದಲ್ಲೇ ಹುಟ್ಟಿದ ಒಂದು ಕೆಟ್ಟ ಲೆಕ್ಕವನ್ನೂ ಹೇಳಬೇಕು. ಪಾಲು ಹಂಚಲು ಕರಾರಿನಲ್ಲಿದ್ದ ಅಳತೆ ಜಮೀನಿನ ಮೌಲ್ಯ. ಅದನ್ನು ಎಣಿಸುವವರು ಯಾರು? ಜನಸಂಖ್ಯೆಯ ಮೇಲೆ ಹಂಚೋಣ ಎಂದಾಗ ಗುಲಾಮರನ್ನು ಎಣಿಸಬೇಕೇ ಎಂಬ ಜಗಳ ಎದ್ದಿತು. ಐದು ಜನ ಗುಲಾಮರಿಗೆ ಮೂರು ಜನ ಎಂಬ ರಾಜಿ 1783ರಲ್ಲಿ ಕಾಂಗ್ರೆಸ್ ಮಾಡಿಕೊಂಡದ್ದು. ಆ ತಿದ್ದುಪಡಿ ಬಿದ್ದುಹೋಯಿತು, ಲೆಕ್ಕ ಮಾತ್ರ ಉಳಿದು ನಾಲ್ಕು ವರ್ಷದ ನಂತರ ಹೊಸ ಸಂವಿಧಾನದೊಳಗೆ ಹೋಗಿ ಕೂತಿತು.

ಸಂಬಳ ಸಿಗದ ಸೈನಿಕರು ಎಷ್ಟು ದಿನ ಸುಮ್ಮನಿರುತ್ತಾರೆ? 1783ರ ಜೂನ್ 21ರಂದು ಫಿಲಡೆಲ್ಫಿಯಾದ ಸ್ಟೇಟ್ ಹೌಸ್ ಸುತ್ತ ಸುಮಾರು 400 ಸಿಪಾಯಿಗಳು ಬಂದೂಕು ಹಿಡಿದು ನಿಂತರು. ಕಾಂಗ್ರೆಸ್ಸಿಗೆ ಸ್ವಂತ ಪೊಲೀಸೂ ಇಲ್ಲ. ಕಾಪಾಡಿ ಎಂದು ಪೆನ್ಸಿಲ್ವೇನಿಯಾ ಸರ್ಕಾರವನ್ನು ಕೇಳಿದರೆ, ನಮ್ಮ ಮಿಲಿಷಿಯಾ (ರಾಜ್ಯದ ನಾಗರಿಕ ಪಡೆ) ಕರೆಸುವಂಥದ್ದೇನೂ ಆಗಿಲ್ಲ ಎಂಬ ಉತ್ತರ ಬಂತು. ಹಾಗೆ ಉತ್ತರ ಕೊಟ್ಟ ಸರ್ಕಾರದ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಒಕ್ಕೂಟದ ಕರಡು ಬರೆದಿದ್ದ ಜಾನ್ ಡಿಕಿನ್ಸನ್. ದೇಶದ ಸರ್ಕಾರ ಗಂಟುಮೂಟೆ ಕಟ್ಟಿ ಪ್ರಿನ್ಸ್‌ಟನ್‌ಗೆ ಹೋಯಿತು. ಅಲ್ಲಿಂದ ಅನಾಪೊಲಿಸ್, ಅಲ್ಲಿಂದ ಟ್ರೆಂಟನ್, 1785ಕ್ಕೆ ನ್ಯೂಯಾರ್ಕ್. ರಾಜಧಾನಿಯೆಂದರೆ ಕಾಗದಪತ್ರದ ಪೆಟ್ಟಿಗೆಗಳು ಇಳಿದ ಊರು.

1783ರ ಡಿಸೆಂಬರ್ 23ರಂದು ಅನಾಪೊಲಿಸ್‌ಗೆ ವಾಷಿಂಗ್ಟನ್ ಬಂದ, ಸೇನಾಪತಿ ಹುದ್ದೆಗೆ ರಾಜೀನಾಮೆ ಕೊಡಲು. ಇಪ್ಪತ್ತು ಚಿಲ್ಲರೆ ಪ್ರತಿನಿಧಿಗಳು ಹ್ಯಾಟು ತೆಗೆಯದೆ ಕೂತೇ ಇದ್ದರು. ಅವನು ಬಾಗಿ ವಂದಿಸಿದಾಗ ಹ್ಯಾಟು ಎತ್ತಿದರು, ತಾವು ಬಾಗಲಿಲ್ಲ. ಕೈಯಲ್ಲಿ ಕಾಸಿಲ್ಲ, ಕೂರಲು ಸ್ವಂತ ಜಾಗವಿಲ್ಲ, ದೊಡ್ಡ ವಿಷಯಕ್ಕೆ ಬೇಕಾದ ಒಂಬತ್ತು ರಾಜ್ಯಗಳೂ ಇಲ್ಲ. ಎದುರಿಗಿದ್ದವನು ಮನಸ್ಸು ಮಾಡಿದ್ದರೆ ಅವರನ್ನೆಲ್ಲ ಮನೆಗೆ ಕಳಿಸಬಹುದಿತ್ತು. ಅವನು ಅಧಿಕಾರ ಪತ್ರ ಒಪ್ಪಿಸಿ ಊರಿಗೆ ಹೋದ.

ಇಂಥ ಸರ್ಕಾರ ಏನೂ ಸಾಧಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. 1785ರ ಭೂ ಕಾಯ್ದೆ ಪಶ್ಚಿಮದ ನೆಲವನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಪ್ರತಿಯೊಂದನ್ನೂ 640 ಎಕರೆಯ 36 ತುಂಡುಗಳಾಗಿ ಅಳೆಯಲು ಹೇಳಿತು. 16ನೇ ತುಂಡು ಶಾಲೆಗೆ ಮೀಸಲು. 1787ರ ಜುಲೈ 13ರ ವಾಯವ್ಯ ಪ್ರಾಂತ್ಯದ ಕಾಯ್ದೆ ಇನ್ನೂ ದೊಡ್ಡದು: ಹೊಸ ಪ್ರದೇಶದಲ್ಲಿ 60,000 ಸ್ವತಂತ್ರ ನಿವಾಸಿಗಳಾದರೆ ಅದು ಹಳೆಯವುಗಳಿಗೆ ಸರಿಸಮನಾದ ರಾಜ್ಯ, ವಸಾಹತಲ್ಲ, ಅಲ್ಲಿ ಗುಲಾಮಗಿರಿ ಇಲ್ಲ. ಒಹಾಯೊ, ಇಂಡಿಯಾನಾ, ಇಲಿನಾಯ್, ಮಿಚಿಗನ್, ವಿಸ್ಕಾನ್ಸಿನ್ ಹುಟ್ಟಿದ್ದು ಈ ಅಚ್ಚಿನಿಂದ. ಆದರೆ ಆ ನೆಲ ಖಾಲಿಯಿರಲಿಲ್ಲ. ಅಲ್ಲಿ ಶಾನೀ, ಮಯಾಮಿ ಮೊದಲಾದ ಜನರಿದ್ದರು. ಕಾಯ್ದೆ ಪಾಸಾದಾಗ ಕಾಂಗ್ರೆಸ್ ಅಧ್ಯಕ್ಷನಾಗಿದ್ದ ಆರ್ಥರ್ ಸೇಂಟ್ ಕ್ಲೇರ್ ಆಮೇಲೆ ಆ ಪ್ರಾಂತ್ಯದ ಗವರ್ನರ್ ಆದ. 1791ರಲ್ಲಿ ಅವನು ಕರೆದೊಯ್ದ ಸೈನ್ಯದ 600ಕ್ಕೂ ಹೆಚ್ಚು ಮಂದಿಯನ್ನು ಆ ಜನ ಒಂದೇ ಬೆಳಗಿನಲ್ಲಿ ಕೊಂದುಹಾಕಿದರು.

ಕೊನೆಯ ಏಟು ಬಿದ್ದದ್ದು ಮಸಾಚುಸೆಟ್ಸ್‌ನ ಹೊಲಗಳಿಂದ. ಯುದ್ಧದ ಸಾಲ ತೀರಿಸಲು ಆ ರಾಜ್ಯ ತೆರಿಗೆ ಏರಿಸಿತು, ಅದನ್ನೂ ನಾಣ್ಯದಲ್ಲೇ ಕಟ್ಟಬೇಕು. ರೈತರ ಬಳಿ ನಾಣ್ಯವಿಲ್ಲ. ಕೋರ್ಟು ದನಕರು, ಜಮೀನು ಜಪ್ತಿ ಮಾಡತೊಡಗಿತು. 1786ರ ಆಗಸ್ಟ್‌ನಲ್ಲಿ ರೈತರು ಗುಂಪುಗೂಡಿ ಕೋರ್ಟುಗಳ ಬಾಗಿಲು ಮುಚ್ಚಿಸಿದರು. ಅವರ ಮುಂದಾಳುಗಳಲ್ಲೊಬ್ಬ ಡೇನಿಯಲ್ ಶೇಸ್, ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. 1787ರ ಜನವರಿ 25ರಂದು ಅವರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಮೇಲೆ ನುಗ್ಗಿದಾಗ ಫಿರಂಗಿ ಹಾರಿ ನಾಲ್ವರು ಸತ್ತರು. ಶಸ್ತ್ರಾಗಾರ ಕಾಂಗ್ರೆಸ್ಸಿನದು, ಕಾದದ್ದು ರಾಜ್ಯದ ಮಿಲಿಷಿಯಾ. ದಂಗೆ ಅಡಗಿಸಲು ಹೊರಟ ಪಡೆಗೆ ಬಾಸ್ಟನ್ ವರ್ತಕರು ಚಂದಾ ಎತ್ತಿದ್ದರು. ಕಾಂಗ್ರೆಸ್ಸೂ ಸೈನ್ಯಕ್ಕೆಂದು ದುಡ್ಡು ಕೇಳಿತ್ತು. ವರ್ಜೀನಿಯಾ ಬಿಟ್ಟರೆ ಯಾರೂ ಕಿವಿಗೊಡಲಿಲ್ಲ.

ಇದಕ್ಕೆ ಮುಂಚೆಯೇ, 1786ರ ಸೆಪ್ಟೆಂಬರ್‌ನಲ್ಲಿ, ವ್ಯಾಪಾರದ ತಕರಾರು ಮಾತಾಡಲು ಅನಾಪೊಲಿಸ್‌ನಲ್ಲಿ ಕರೆದ ಸಭೆಗೆ ಐದು ರಾಜ್ಯದ 12 ಮಂದಿ ಮಾತ್ರ ಬಂದಿದ್ದರು. ಆ ಹನ್ನೆರಡು ಜನ, ಅದರಲ್ಲೂ ನ್ಯೂಯಾರ್ಕಿನ ಹ್ಯಾಮಿಲ್ಟನ್ ಮತ್ತು ವರ್ಜೀನಿಯಾದ ಮ್ಯಾಡಿಸನ್, ಸೋಲನ್ನೇ ನೆಪ ಮಾಡಿಕೊಂಡು ಇನ್ನೂ ದೊಡ್ಡ ಸಭೆಗೆ ಕರೆ ಕೊಟ್ಟರು. ಒಕ್ಕೂಟದ ಕರಾರನ್ನು ಪರಿಷ್ಕರಿಸಲು ಮಾತ್ರ ಎಂಬ ಷರತ್ತಿನ ಮೇಲೆ ಕಾಂಗ್ರೆಸ್ ಒಪ್ಪಿತು. 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ಬಾಗಿಲು ಹಾಕಿಕೊಂಡು ಕೂತವರು ರಿಪೇರಿ ಬಿಟ್ಟು ಹೊಸ ಮನೆಯನ್ನೇ ಕಟ್ಟಿದರು. ಆ ಹೊಸ ಸಂವಿಧಾನದ ಜಾಣತನ ಅದರ ಕೊನೆಯ, ಏಳನೇ ವಿಧಿಯಲ್ಲಿದೆ: ಒಂಬತ್ತು ರಾಜ್ಯ ಒಪ್ಪಿದರೆ, ಒಪ್ಪಿದವುಗಳ ಮಟ್ಟಿಗೆ ಇದು ಜಾರಿ. ಹದಿಮೂರೂ ಬೇಕೆಂಬ ಹಳೆಯ ನಿಯಮ ಪಾಲಿಸಿದ್ದರೆ, ಸಭೆಗೆ ಒಬ್ಬನನ್ನೂ ಕಳಿಸದ ರೋಡ್ ಐಲ್ಯಾಂಡ್ ಒಂದೇ ಸಾಕಿತ್ತು ಅದನ್ನು ಮುಗಿಸಲು. ಕಟ್ಟುನಿಟ್ಟಾಗಿ ನೋಡಿದರೆ ಅದು ಕಾನೂನು ಮುರಿದದ್ದೇ. 1788ರ ಜೂನ್ 21ಕ್ಕೆ ನ್ಯೂಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ರೋಡ್ ಐಲ್ಯಾಂಡ್ ಒಪ್ಪಿದ್ದು 1790ರ ಮೇ ತಿಂಗಳಲ್ಲಿ, ವಾಷಿಂಗ್ಟನ್ ಅಧಿಕಾರಕ್ಕೆ ಬಂದು ವರ್ಷ ದಾಟಿದ ಮೇಲೆ.

ಹಳೆಯ ಕಾಂಗ್ರೆಸ್ಸಿಗೆ ಕೊನೆಯ ಬಾರಿ ಕೋರಂ ಸಿಕ್ಕಿದ್ದು 1788ರ ಅಕ್ಟೋಬರ್ 10ರಂದು. ಆಮೇಲೆ ಒಬ್ಬರೋ ಇಬ್ಬರೋ ಬಂದು ಹಾಜರಿ ಹಾಕಿ ಹೋಗುತ್ತಿದ್ದರು. 1789ರ ಮಾರ್ಚ್ 4ರಂದು ನ್ಯೂಯಾರ್ಕಿನಲ್ಲಿ ಹೊಸ ಸಂವಿಧಾನದ ಸಂಸತ್ತು ಶುರುವಾಗಬೇಕಿತ್ತು. ಬಂದವರು 8 ಸೆನೆಟರುಗಳು, 13 ಪ್ರತಿನಿಧಿಗಳು, ಕೋರಂ ಇಲ್ಲ. ಎರಡೂ ಸದನಗಳಿಗೆ ಕೋರಂ ಸಿಕ್ಕಿ, ಅಧ್ಯಕ್ಷನ ಚುನಾವಣೆಯ ಮತ ಎಣಿಸುವಷ್ಟರಲ್ಲಿ ಏಪ್ರಿಲ್ 6 ಆಯಿತು.

ನೀವೇ ಆಯ್ಕೆಯಾಗಿದ್ದೀರಿ ಎಂಬ ಸುದ್ದಿಯನ್ನು ವಾಷಿಂಗ್ಟನ್‌ನ ಮನೆಬಾಗಿಲಿಗೆ ಒಯ್ದವನು ಚಾರ್ಲ್ಸ್ ಥಾಮ್ಸನ್. 1774ರಲ್ಲಿ ಕಾಂಗ್ರೆಸ್ ಮೊದಲ ಸಲ ಕೂಡಿದಾಗಿನಿಂದಲೂ ಅವನೇ ಅದರ ಕಾರ್ಯದರ್ಶಿ. ಪ್ರತಿನಿಧಿಗಳು, ಅಧ್ಯಕ್ಷರು ಬದಲಾದರು, ಊರು ಬದಲಾಯಿತು. ನಡಾವಳಿ ಬರೆಯುವ ಕೈ ಹದಿನೈದು ವರ್ಷ ಒಂದೇ. ಹೊಸ ಸರ್ಕಾರದಲ್ಲಿ ಅವನಿಗೆ ತಕ್ಕ ಜಾಗ ಸಿಗಲಿಲ್ಲ. ಜುಲೈನಲ್ಲಿ ರಾಜೀನಾಮೆ ಕೊಟ್ಟು, ತಾನೇ ಅಂತಿಮ ರೂಪ ಕೊಟ್ಟಿದ್ದ ರಾಷ್ಟ್ರಮುದ್ರೆಯನ್ನೂ ಕಡತಗಳನ್ನೂ ಒಪ್ಪಿಸಿ ಫಿಲಡೆಲ್ಫಿಯಾದ ಹೊರಗಿನ ತನ್ನ ತೋಟದ ಮನೆ ಸೇರಿದ. ಒಳಗಿದ್ದು ಕಂಡ ಆ ವರ್ಷಗಳ ಇತಿಹಾಸವನ್ನು ಸಾವಿರ ಪುಟ ದಾಟುವಷ್ಟು ಬರೆದಿದ್ದ. ಅದನ್ನು ಅಚ್ಚಿಗೆ ಕೊಡದೆ ತಾನೇ ನಾಶಮಾಡಿ, ಬೈಬಲ್ಲನ್ನು ಗ್ರೀಕಿನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತ ಕೂತ.