ಬಾಲಮಂದಿರ ಅಂದ್ರ ಹುಡುಗರ ಜೈಲೇನ್ರಿ?

ಕೊಪ್ಪಳ ಕಡಿಯಿಂದ ಮತ್ತ ಮತ್ತ ಬರೋ ಪ್ರಶ್ನೆ ಇದು: "ನಮ್ಮ ಓಣ್ಯಾಗ ಒಬ್ಬ ಹುಡುಗ ಅದಾನ್ರಿ, ಅಪ್ಪ ಅವ್ವ ಇಬ್ರೂ ಇಲ್ಲ, ಅಜ್ಜಿ ಕೂಲಿ ಮಾಡಿ ಸಾಕ್ತಾಳ. ಬಾಲಮಂದಿರಕ್ಕ ಸೇರ್ಸವ್ವ ಅಂದ್ರ, ಅದು ಹುಡುಗರ ಜೈಲು, ಅಲ್ಲಿಗ್ಯಾಕ ಕಳಸ್ಲಿ ಅಂತ ಅಳ್ತಾಳ. ಖರೇನ ಜೈಲೇನ್ರಿ ಅದು?"

ಅಲ್ಲ, ಜೈಲಲ್ಲ, ಆಸರೆ ಬೇಕಾದ ಮಕ್ಕಳನ್ನ ಇಟ್ಕೊಂಡು ಸಾಕೋ ಜಾಗ ಅದು. ಆದ್ರ ಆ ಅಜ್ಜಿ ಹೆದರಿಕಿ ಸುಮ್ನ ಹುಟ್ಟಿದ್ದಲ್ರಿ. ಮತ್ತ ಆ ಹುಡುಗ ಬಾಲಮಂದಿರಕ್ಕ ಹೋಗೋ ಪ್ರಸಂಗನೇ ಬರ್ಲಿಕ್ಕಿಲ್ಲ, ಅದನ್ನ ಆಮ್ಯಾಲ ಹೇಳ್ತೀನಿ.

ಹಳಬರ ಬಾಯಾಗ ಬಾಲಮಂದಿರಕ್ಕ ಈಗ್ಲೂ "ರಿಮ್ಯಾಂಡ್ ಹೋಮ್" ಅಂತನ ಬರ್ತತಿ, ಅಂದ್ರ ಕೇಸಿನ ಹುಡುಗರನ್ನ ವಿಚಾರಣೆ ತನಕ ಇಡೋ ಜಾಗ. ಬ್ರಿಟಿಷರ ಕಾಲದಿಂದ ನಮ್ಮ ಕಾನೂನಿನ್ಯಾಗ ಬಡ ಹುಡುಗ ಮತ್ತು ತಪ್ಪು ಮಾಡಿದ ಹುಡುಗ ಇಬ್ರನ್ನೂ ಒಂದ ಸಾಲಿನ್ಯಾಗ ನಿಲ್ಲಿಸ್ತಿದ್ರು. 1850ರ ಅಪ್ರೆಂಟಿಸ್ ಕಾಯ್ದೆ ನೋಡ್ರಿ, ಅನಾಥರು, ಬಡವರ ಮಕ್ಕಳು, ಸಣ್ಣಪುಟ್ಟ ಕಳವು ಮಾಡಿ ಸಿಕ್ಕಿಬಿದ್ದ ಮಕ್ಕಳು, ಎಲ್ಲಾರನ್ನೂ ಒಬ್ಬ ಮಾಲೀಕನ ಕೈಯಾಗ ಕೆಲಸ ಕಲಿಯಾಕ ಒಪ್ಪಿಸೋದು. 1876ರಾಗ ರಿಫಾರ್ಮೇಟರಿ ಶಾಲೆ ಕಾಯ್ದೆ ಬಂತು, ಅದು ಅಪರಾಧ ಮಾಡಿದ ಮಕ್ಕಳಿಗೆ. ಅದೇ ಹೊತ್ತಿಗೆ ನಮ್ಮ ಕಡಿ ಧಾತು ಈಶ್ವರ ಬರ ಬಿತ್ತು, 1876ರಿಂದ 78ರ ತನಕ, ಮದ್ರಾಸ್ ಪ್ರೆಸಿಡೆನ್ಸಿಯಾಗ ಭಾಳ ಪೆಟ್ಟು ತಿಂದ ಜಿಲ್ಲೆಗಳಾಗ ಬಳ್ಳಾರಿನೂ ಒಂದು. ಹಡೆದವರು ಸತ್ತು ಹಾದಿಗೆ ಬಿದ್ದ ಮಕ್ಕಳನ್ನ ಆಗ ದಕ್ಷಿಣದ ತುಂಬ ಮಿಷನ್ನಿನವರು ಅನಾಥಾಲಯ ತಗದು ಸಾಕಿದ್ರು, ಉಳಿದವರಿಗೆ ಬೀಗರು-ಬಿಜ್ಜರೇ ಗತಿ.

1920ರಾಗ ಮದ್ರಾಸಿನವರು ಮಕ್ಕಳ ಕಾಯ್ದೆ ಮಾಡಿದ್ರು, ದೇಶದಾಗ ಅಂಥಾದ್ದು ಅದೇ ಮೊದಲು. ತುಂಗಭದ್ರಾ ಹೊಳಿ ಆಚೆ ಹೊಸಪೇಟೆ, ಬಳ್ಳಾರಿ ಆ ರಾಜ್ಯದಾಗಿದ್ವು, ಈಚೆ ಕೊಪ್ಪಳ, ರಾಯಚೂರು ನಿಜಾಮರ ಕೈಯಾಗಿದ್ವು, ಹಿಂಗಾಗಿ ಆ ಕಾಯ್ದೆ ಹೊಳಿ ದಾಟಲಿಲ್ಲ. ಏಕೀಕರಣ ಆದಮ್ಯಾಲ 1964ರಾಗ ನಮ್ಮ ರಾಜ್ಯದ್ದ ಮಕ್ಕಳ ಕಾಯ್ದೆ ಬಂತು. ಆದ್ರೂ ಎಷ್ಟೋ ರಾಜ್ಯದಾಗ ಮಕ್ಕಳು ದೊಡ್ಡವರ ಜೈಲಿನ್ಯಾಗ ಇದ್ರು, ಪತ್ರಕರ್ತೆ ಶೀಲಾ ಬರ್ಸೆ ಅವರು 16 ವರ್ಷದೊಳಗಿನ ಮಕ್ಕಳನ್ನ ಬಿಡಸ್ರಿ ಅಂತ ಸುಪ್ರೀಂ ಕೋರ್ಟಿಗೇ ಹೋಗಬೇಕಾತು. 1986ರಾಗ ಇಡೀ ದೇಶಕ್ಕ ಬಾಲ ನ್ಯಾಯ ಕಾಯ್ದೆ ಬಂತು, ಜೈಲಿಗೆ ಹಾಕೋದು ಬಂದ್ ಆತು ಖರೆ, ಆದ್ರ ವಿಚಾರಣೆ ಮುಗಿಯೋ ತನಕ ದಿಕ್ಕಿಲ್ಲದ ಕೂಸು, ಕಳವಿನ ಕೇಸಿನ ಹುಡುಗ ಇಬ್ರೂ ಒಂದ ಅಬ್ಸರ್ವೇಶನ್ ಹೋಮಿನ್ಯಾಗ. ಅಜ್ಜಿಯಂಥವರ ತಲಿಯಾಗ ಉಳಿದಿದ್ದು ಈ ಚಿತ್ರ.

2000ದ ಕಾಯ್ದೆಯೊಳಗ ಇದನ್ನ ಬ್ಯಾರೆ ಮಾಡಿದ್ರು. ಈಗ ನಡ್ಯಾಕತ್ತಿರೋ 2015ರ ಕಾಯ್ದೆನೂ ಅದನ್ನ ಹೇಳ್ತತಿ: ಕೇಸಿರೋ ಮಕ್ಕಳಿಗೆ ಬಾಲ ನ್ಯಾಯ ಮಂಡಳಿ ಮತ್ತು ವೀಕ್ಷಣಾಲಯ (ಅದೇ ಅಬ್ಸರ್ವೇಶನ್ ಹೋಮ್), ಆಸರೆ ಬೇಕಾದ ಮಕ್ಕಳಿಗೆ ಮಕ್ಕಳ ಕಲ್ಯಾಣ ಸಮಿತಿ ಮತ್ತು ಬಾಲಮಂದಿರ. ಸಮಿತಿಯಾಗ ಒಬ್ರು ಅಧ್ಯಕ್ಷರು, ನಾಲ್ಕು ಮಂದಿ ಸದಸ್ಯರು. ಒಂಟಿ ಮಗು ಸಿಕ್ರ 24 ತಾಸಿನ್ಯಾಗ ಇವರ ಮುಂದ ಹಾಜರ್ ಮಾಡಬೇಕು, ಹಾದಿ ನಡೆದ ಹೊತ್ತು ಬಿಟ್ಟು. ಆಮ್ಯಾಲ ಒಬ್ರು ಮನಿತನಕ ಬಂದು ಯಾರದಾರ, ಏನು ಉಣ್ತಾರ, ಹುಡುಗ ಸಾಲಿಗೆ ಹೋಗ್ತಾನೋ ಇಲ್ಲೋ ಅಂತ ನೋಡಿ ವರದಿ ಬರೀತಾರ, 15 ದಿನದಾಗ ಅದು ಮುಗೀಬೇಕು. ಹುಡುಗನ್ನೂ ಕೇಳಬೇಕು, ನಿನಗ ಎಲ್ಲಿ ಇರಬೇಕನಸ್ತತಿ ಅಂತ. ನನಗ ಈ ಕಾಯ್ದೆಯಾಗ ಭಾಳ ಮನಸಿಗೆ ಹಿಡಿಸೋದು ಇದ.

ಮುಖ್ಯ ಏನಂದ್ರ, ಮಗುನ ಸಂಸ್ಥೆಯಾಗ ಇಡೋದು ಕಟ್ಟಕಡೆ ದಾರಿ ಅಂತ ಕಾಯ್ದೆನೇ ಹೇಳ್ತತಿ, ಮೊದಲು ಮನಿ. ಸಾಕೋ ಅಜ್ಜಿ ಇದ್ದಾಗ ಮೊದಲು ಕೇಳಬೇಕಾದ್ದು ಪ್ರಾಯೋಜಕತ್ವ, ಅಂದ್ರ ಮಗು ಮನ್ಯಾಗನ ಬೆಳೀಲಿ ಅಂತ ಸರ್ಕಾರ ಕೊಡೋ ರೊಕ್ಕ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಾಗ ಹಿಂಗ ಸಂಬಂಧಿಕರ ಹತ್ರ ಇರೋ ಅನಾಥ ಮಕ್ಕಳಿಗೆ ತಿಂಗಳಿಗೆ 4000 ರೂಪಾಯಿ ಐತಿ, ಹಳ್ಳಿಯಾಗ ಮನಿ ವರಮಾನ ವರ್ಷಕ್ಕ 72,000, ಪ್ಯಾಟ್ಯಾಗ 96,000 ದಾಟಿರಬಾರ್ದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕ ಹೋಗ್ರಿ. ಅಪ್ಪ ಅವ್ವನ ಡೆತ್ ಸರ್ಟಿಫಿಕೇಟು, ಆಧಾರು, ರೇಷನ್ ಕಾರ್ಡು, ಇನ್ಕಮ್ಮು, ಸಾಲಿ ಸ್ಟಡಿ ಸರ್ಟಿಫಿಕೇಟು, ಪಾಸ್‌ಬುಕ್ಕು ಕೂಡಿಸಿಟ್ಕೊಂಡ ಹೋಗ್ರಿ, ಅಜ್ಜಿನ ಒಬ್ಬಾಕೆನ್ನ ಕಳಸಬ್ಯಾಡ್ರಿ ದಯಮಾಡಿ, ಒಂದು ಕಾಗದ ಕಮ್ಮಿ ಬಿದ್ರ ಕೂಲಿ ಬಿಟ್ಟು ಮತ್ತ ಓಡಾಡಬೇಕಾಗ್ತತಿ ಆಕಿ.

ಮಠಕ್ಕ ಬಿಟ್ರ ಹೆಂಗ ಅಂತನೂ ಕೇಳ್ತಾರ. ಕೊಪ್ಪಳದ ಗವಿಮಠದಂಥಲ್ಲಿ ಉಂಡು ಓದಿ ಮ್ಯಾಲೆ ಬಂದವರು ನಮ್ಮ ಸುತ್ತ ಎಷ್ಟೋ ಮಂದಿ ಅದಾರ, ಅದಕ್ಕ ಕೈ ಮುಗೀಬೇಕು. ಆದ್ರ ಅದು ಓದೋ ಹುಡುಗರ ಹಾಸ್ಟೆಲ್, ಯಾರೂ ಇಲ್ಲದ ಮಗುವಿನ ಪೂರಾ ಹೊಣೆ ಬ್ಯಾರೆ ಮಾತು. ಯಾರೋ ಹೇಳಿದ್ರು ಅಂತ ರಿಜಿಸ್ಟ್ರೇಶನ್ ಇಲ್ಲದ ಆಶ್ರಮಕ್ಕ ಮಾತ್ರ ಬಿಡಬ್ಯಾಡ್ರಿ. ಅಂಥಾದ್ದು ನಡೆಸೋರಿಗೆ ಒಂದು ವರ್ಷದ ತನಕ ಜೈಲು, ಇಲ್ಲಾ ಒಂದು ಲಕ್ಷಕ್ಕ ಕಮ್ಮಿ ಇಲ್ಲದ ದಂಡ, ಎರಡೂ ಬೀಳಬಹುದು.

ನಾಳೆ ಅಜ್ಜಿ ಕೈಲಿ ಆಗದಂಗಾದ್ರ ಆಗ ಬಾಲಮಂದಿರ. ಅಲ್ಲೂ ಹುಡುಗ ಸಾಲಿಗೆ ಹೋಗ್ತಾನ, ಅಜ್ಜಿ ಹೋಗಿ ಭೇಟಿ ಆಗಬಹುದು, ಮನಿ ಸುಧಾರಿಸಿದ್ರ ವಾಪಸ್ ಕರಕೊಂಡ ಬರಾಕ ಸಮಿತಿಗೆ ಅರ್ಜಿ ಕೊಡಬಹುದು. ಘಟಕದ ಆಫೀಸ್ ಎಲ್ಲೈತಿ ಗೊತ್ತಾಗಲಿಲ್ಲಂದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಚಿ ಕೇಳ್ರಿ, ಹಗಲು ರಾತ್ರಿ ಎತ್ತತಾರ, ರೊಕ್ಕ ಹತ್ತಂಗಿಲ್ಲ.