ಉಬ್ಬು ಮುಖದ ಯುಕುಲೆಲೆ ಯಾಕಷ್ಟು ಅಪರೂಪ?

ಪುಟ್ಟ ಗಿಟಾರ್‌ನಂಥ ನಾಲ್ಕು ತಂತಿಯ ವಾದ್ಯ ಯುಕುಲೆಲೆ ಅಂದ ತಕ್ಷಣ ನೆನಪಾಗುವುದು ಚಪ್ಪಟೆ ಮುಖ, ನಡುವೆ ದುಂಡನೆಯ ತೂತು. ಕೋಲಾರದ ನಮ್ಮ ಮನೆಗೆ ಈಗ ಬಂದಿರುವುದು ಹಾಗಿಲ್ಲ. ಮುಖ ಪಿಟೀಲಿನಂತೆ ಉಬ್ಬಿದೆ. ತೂತಿನ ಬದಲು ಅಕ್ಕಪಕ್ಕ ಎರಡು ಎಫ್ ಆಕಾರದ ಸೀಳುಗಳಿವೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು (ಬ್ರಿಡ್ಜ್) ಅಂಟಿಸಿಲ್ಲ, ತಂತಿಗಳು ಕೆಳಕ್ಕೆ ಒತ್ತುತ್ತಿರುವುದರಿಂದಲೇ ಅದು ನಿಂತಿದೆ. ಇಂಥದ್ದಕ್ಕೆ ಆರ್ಚ್‌ಟಾಪ್ ಅಂತಾರೆ. ಗಿಟಾರ್‌ಗಳಲ್ಲಿ ಆರ್ಚ್‌ಟಾಪ್ ಸಿಗುತ್ತದೆ, ಯುಕುಲೆಲೆಗಳಲ್ಲೇ ಚಿಕ್ಕದಾದ ಸೊಪ್ರಾನೊದಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ.

ಯುಕುಲೆಲೆಗೂ ಆರ್ಚ್‌ಟಾಪ್‌ಗೂ ಊರು ಬೇರೆ, ಕಾಲವೂ ಬೇರೆ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರಾಗ್ ಅನ್ನುವ ಹಡಗು ಮದೀರಾ ದ್ವೀಪದಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಪೋರ್ಚುಗೀಸ್ ಕೆಲಸಗಾರರನ್ನು ಕರೆತಂದಿತು. ಅವರಲ್ಲಿದ್ದ ಮೂವರು ಬಡಗಿಗಳು ತಮ್ಮೂರಿನ ಮಶೆಟ್ ವಾದ್ಯದ ಮಾದರಿಯಲ್ಲಿ ಅಲ್ಲಿ ಮಾಡತೊಡಗಿದ್ದೇ ಯುಕುಲೆಲೆಯಾಯಿತು. ಇತ್ತ ಅಮೆರಿಕದ ಮಿಷಿಗನ್‌ನಲ್ಲಿ ಆರ್ವಿಲ್ ಗಿಬ್ಸನ್ ಪಿಟೀಲಿನ ಹಾಗೆ ಮರ ಕೆತ್ತಿ ಮ್ಯಾಂಡೊಲಿನ್ ಮಾಡುವ ವಿಧಾನಕ್ಕೆ 1898ರಲ್ಲಿ ಪೇಟೆಂಟ್ ಪಡೆದ. ಎಫ್ ಸೀಳುಗಳಿದ್ದ ಗಿಬ್ಸನ್ ಕಂಪನಿಯ ಎಲ್-5 ಗಿಟಾರ್ ಬಂದದ್ದು 1922ರಲ್ಲಿ.

ಮುಖದ ಹಲಗೆಯನ್ನು ಯಾಕೆ ಉಬ್ಬಿಸಬೇಕು? ಒಂದು ಪೋಸ್ಟ್‌ಕಾರ್ಡನ್ನು ಚಪ್ಪಟೆಯಾಗಿ ಎರಡು ಪುಸ್ತಕಗಳ ನಡುವೆ ಸೇತುವೆ ಥರ ಇಟ್ಟು ಒತ್ತಿ ನೋಡಿ, ಕುಸಿಯುತ್ತದೆ. ಅದನ್ನೇ ಸ್ವಲ್ಪ ಬಗ್ಗಿಸಿ ಕಮಾನು ಮಾಡಿ ಎರಡೂ ತುದಿ ಜಾರದಂತೆ ಇಟ್ಟರೆ ಭಾರ ತಡೆಯುತ್ತದೆ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಆರು ತಂತಿಗಳೂ ಸೇರಿ ಸುಮಾರು 70 ಕಿಲೋ ಬಲದಲ್ಲಿ ಎಳೆಯುತ್ತವೆ. ಅಲ್ಲಿ ಕಮಾನು ಸಾರ್ಥಕ. ಸೊಪ್ರಾನೊದ ನಾಲ್ಕು ನೈಲಾನ್ ತಂತಿಗಳ ಎಳೆತ ಹೆಚ್ಚೂಕಮ್ಮಿ 15 ಕಿಲೋ. ತಂತಿ ಕುದುರೆಯ ಮೇಲೆ ಹಾದು ಹೋಗುವಾಗ 10 ಡಿಗ್ರಿ ಬಾಗಿತು ಅಂತಿಟ್ಟುಕೊಂಡರೆ, ಹಲಗೆಯ ಮೇಲೆ ಬೀಳುವ ಒತ್ತಡ ಎರಡೂವರೆ ಕಿಲೋ ಅಷ್ಟೇ. ಇಷ್ಟಕ್ಕೆ ಕಮಾನು ಬೇಕೇ ಬೇಕು ಅಂತೇನಿಲ್ಲ. ಮೇಲಾಗಿ ಕಮಾನಿನಿಂದ ಹಲಗೆ ಬಿಗಿಯಾಗುತ್ತದೆ, ಇಷ್ಟು ಮೆತ್ತಗಿನ ತಂತಿಗೆ ಬಿಗಿಯಾದ ಹಲಗೆಯನ್ನು ಅಲುಗಾಡಿಸುವುದು ಕಷ್ಟ. ಸದ್ದು ಸಣ್ಣಗಾಗಿಬಿಡುತ್ತದೆ.

ಹಾಗಾಗಿ ಮಾಡುವವರು ಹಲಗೆಯನ್ನು ತೆಳ್ಳಗೆ ಕೆತ್ತಲೇಬೇಕು, ಇಡೀ ಕಸುಬು ಇರುವುದೇ ಇಲ್ಲಿ. ಹಲಗೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಬದಲಾಗುತ್ತದೆ. 3 ಮಿಲಿಮೀಟರ್ ಹಲಗೆಯನ್ನು 2.4ಕ್ಕೆ ಇಳಿಸಿದರೆ ಆ ಶಕ್ತಿ ಅರ್ಧಕ್ಕೆ ಬರುತ್ತದೆ. ಉಳಿಯ ಎರಡು ಗೀರು ಜಾಸ್ತಿಯಾದರೆ ಹಲಗೆ ಹಾಳು, ಕಮ್ಮಿಯಾದರೆ ವಾದ್ಯ ಮೂಕ. ಅಂಗೈಯಗಲದ ಪೆಟ್ಟಿಗೆಗೆ ಇಷ್ಟು ಹೊತ್ತು ಕೂತು ಕೆತ್ತುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ನನಗೆ ಇದು ಸಿಕ್ಕಿದ್ದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ, ಒಂದು ಕಾಲದಲ್ಲಿ ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಹಿರಿಯರೊಬ್ಬರ ಹತ್ತಿರ. "ಆತುರ ಬೇಡಪ್ಪಾ, ಚೆನ್ನಾಗಿ ನೋಡಿ ತಗೋ" ಅಂದರು. ನೋಡಿದೆ. ಕೆತ್ತಿದ ಮರವೋ, ಬಿಸಿ ಅಚ್ಚಿನಲ್ಲಿ ಒತ್ತಿದ ಪ್ಲೈವುಡ್ಡೋ ಅಂತ ತಿಳಿಯಲು ಎಫ್ ಸೀಳಿನ ಅಂಚು ನೋಡಬೇಕು. ಪ್ಲೈವುಡ್ ಆದರೆ ಅಲ್ಲಿ ಪದರಗಳು ಎದ್ದು ಕಾಣುತ್ತವೆ. ಇದರಲ್ಲಿ ಮೇಲಿನ ಸ್ಪ್ರೂಸ್ ಮರದ ಸಣ್ಣ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದಿದ್ದವು. ಮೊಬೈಲ್ ಟಾರ್ಚ್ ಹಾಕಿ ಒಳಗೆ ಇಣುಕಿದರೆ ಉಳಿ ಹೆರೆದ ಗುರುತುಗಳು, ಒಂದರ ಪಕ್ಕ ಒಂದು, ಯಾರೂ ನೋಡದ ಜಾಗದಲ್ಲೂ ಅಷ್ಟು ಒಪ್ಪವಾಗಿ! ನನಗೆ ಮನಸ್ಸಾಗಿದ್ದು ಅಲ್ಲೇ. ಆಮೇಲೆ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿದು ಹಲಗೆಯನ್ನು ಬೆರಳಿನಿಂದ ಅಲ್ಲಲ್ಲಿ ತಟ್ಟಿದೆ. ಎಲ್ಲೂ ಕಿರಕಿರ ಇಲ್ಲ. ಒಳಗೆ ಅಂಟು ಬಿಟ್ಟಿದ್ದರೆ ಗೊತ್ತಾಗಿಬಿಡುತ್ತಿತ್ತು.

ಎಫ್ ಸೀಳು ಬರೀ ಅಂದಕ್ಕಲ್ಲ. ಪೆಟ್ಟಿಗೆಯೊಳಗಿನ ಗಾಳಿ ತೂತಿನಿಂದ ಒಳಗೂ ಹೊರಗೂ ಆಡುವಾಗ ಅಂಚಿನ ಹತ್ತಿರವೇ ಹೆಚ್ಚು ಜೋರಾಗಿ ಚಲಿಸುತ್ತದೆ. ಪಿಟೀಲಿನ ಸೀಳುಗಳ ಮೇಲೆ 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಲೆಕ್ಕಾಚಾರ ತೋರಿಸಿದ್ದು ಇದನ್ನೇ: ವಿಸ್ತೀರ್ಣ ಒಂದೇ ಇದ್ದರೂ ಉದ್ದನೆಯ ತೆಳು ಸೀಳು ದುಂಡು ತೂತಿಗಿಂತ ಹೆಚ್ಚು ಸದ್ದನ್ನು ಹೊರಹಾಕುತ್ತದೆ.

ನಾದ ಹೇಗಿದೆ? ಮೀಟಿದ ತಕ್ಷಣ ಟಣ್ ಅಂತ ಏಳುತ್ತದೆ, ಬೇಗ ಇಳಿಯುತ್ತದೆ. ಚಪ್ಪಟೆ ಯುಕುಲೆಲೆಯ ಮೆದು ಗುಂಗು ಇದರಲ್ಲಿಲ್ಲ. ಆದರೆ ಬೆರಳು ಓಡಿಸಿ ಒಂದೊಂದೇ ಸ್ವರ ನುಡಿಸುವಾಗ ಪ್ರತಿಯೊಂದೂ ಬಿಡಿಬಿಡಿಯಾಗಿ ಕೇಳುತ್ತದೆ, ನನಗೆ ಇದೇ ಹೆಚ್ಚು ಇಷ್ಟ.

ನಮ್ಮ ಕಡೆ ಬೇಸಿಗೆಯ ಒಣ ಹವೆಯಲ್ಲಿ ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಿಲ್ಲ. ಚಪ್ಪಟೆ ಹಲಗೆ ಬಿರುಕು ಬಿಡುವುದು ಹೀಗೆ. ಉಬ್ಬು ಹಲಗೆಗೆ ಸ್ವಲ್ಪ ತಗ್ಗಿ ಸುಧಾರಿಸಿಕೊಳ್ಳಲು ಜಾಗ ಇದೆ, ಆದರೂ ವಾದ್ಯವನ್ನು ಅದರ ಕೇಸಿನಲ್ಲೇ ಇಡುವುದು ಒಳ್ಳೆಯದು. ಹಲಗೆ ತಗ್ಗಿದರೆ ಕುದುರೆಯೂ ತಗ್ಗುತ್ತದೆ, ಆಗ ಶ್ರುತಿಯನ್ನು ಇನ್ನೊಮ್ಮೆ ನೋಡಬೇಕು. 12ನೇ ಫ್ರೆಟ್‌ನ (ಕತ್ತಿನ ಮೇಲಿನ ಅಡ್ಡ ಪಟ್ಟಿ) ಮೇಲೆ ತಂತಿಯನ್ನು ಸುಮ್ನೆ ಮುಟ್ಟಿ ಮೀಟಿದ ಸ್ವರ, ಅಲ್ಲೇ ಒತ್ತಿ ಮೀಟಿದ ಸ್ವರ ಎರಡೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರೆ ಸಾಕು. ಅಂಟಿಸಿದ ಕುದುರೆಯಲ್ಲಿ ಈ ಸೌಲಭ್ಯ ಇಲ್ಲ.